ಪೀಟರ್ ಫಾಲ್ಕ್ ಅಂದ್ರೆ ಬರೀ ಕೊಲಂಬೊನಾ?

ಹಳೇ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಮಳೆ ಬಿಟ್ಟಿಲ್ಲ, ನಾನು 'ಕೊಲಂಬೊ' (ಅಮೆರಿಕದ ಹಳೇ ಪತ್ತೇದಾರಿ ಟಿವಿ ಧಾರಾವಾಹಿ) ಬಿಟ್ಟಿಲ್ಲ. ರಾತ್ರಿ ಊಟ ಆದ ಮೇಲೆ ಅಮ್ಮನ ಜೊತೆ ಕೂತು ದಿನಕ್ಕೊಂದು ಕಂತು ನೋಡುತ್ತೇನೆ. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಕೊಲೆ ಮಾಡಿದವನು ಯಾರು ಅಂತ ಮೊದಲೇ ತೋರಿಸಿಬಿಡುತ್ತಾರಲ್ಲ, ಹಾಗಾಗಿ ಕಥೆ ಹಿಡಿಯೋಕೆ ಕಷ್ಟವಾಗಲ್ಲ. "ಈ ಮನುಷ್ಯ ಯಾವತ್ತಾದ್ರೂ ಆ ಕೋಟು ಒಗೀತಾನಾ?" ಅನ್ನೋದೊಂದೇ ಅವಳ ಚಿಂತೆ.

ನನ್ನ ಚಿಂತೆ ಬೇರೆ. ಕೊಲಂಬೊ ಅನ್ನೋ ಈ ಪೊಲೀಸ್ ಪತ್ತೇದಾರನ ಪಾತ್ರವನ್ನು ನಟ ಪೀಟರ್ ಫಾಲ್ಕ್ ಮೊದಲು ಮಾಡಿದ್ದು 1968ರಲ್ಲಿ. ಕೊನೆಯ ಸಲ ಮಾಡಿದ್ದು 2003ರಲ್ಲಿ. ಒಟ್ಟು 69 ಕಂತು. 35 ವರ್ಷ ಅದೇ ಮಳೆಕೋಟು, ಅದೇ ಸಿಗಾರ್, ಅದೇ ಡಕೋಟ ಕಾರು. ಅದಕ್ಕೂ ಮುಂಚೆ ಎರಡು ಸಲ ಆಸ್ಕರ್‌ಗೆ ನಾಮನಿರ್ದೇಶನ ಆಗಿದ್ದ ನಟ ಇವನು. ಅಂಥವನನ್ನು ಒಂದು ಟಿವಿ ಪಾತ್ರ ನುಂಗಿ ನೀರು ಕುಡಿಯಿತು ಅಂತ ನನಗನ್ನಿಸುತ್ತೆ. ನೀವೇನಂತೀರಿ?

ಕಟಕಟೆ

ನುಂಗೋಕೆ ಅಂಥದ್ದೇನಿತ್ತು? ಬೇಜಾರು ಮಾಡ್ಕೋಬೇಡಿ, ನಾನು ಅವನ ಐದಾರು ಸಿನಿಮಾ ನೋಡಿದ್ದೇನೆ. ಎಲ್ಲದರಲ್ಲೂ ಅದೇ ಗೊಣಗಾಟ, ಅದೇ ಓರೆನೋಟ, ಅದೇ ಹಣೆ ಕೆರೆದುಕೊಳ್ಳೋದು. ಕೊಲಂಬೊ ಸಿಕ್ಕಿದ್ದು ಅವನ ಪುಣ್ಯ. ಇಲ್ಲದಿದ್ದರೆ ಸಾಯೋತನಕ ರೌಡಿ ಪಾರ್ಟು ಮಾಡಿಕೊಂಡಿರುತ್ತಿದ್ದ.

ಬೆಳಕಿಂಡಿ

ಕಟಕಟೆ ಅವರೇ, ಆ ಓರೆನೋಟ ನಟನೆಯಲ್ಲ. ಅವನ ಬಲಗಣ್ಣು ಕೃತಕ ಕಣ್ಣು. ಹುಟ್ಟಿದ್ದು 1927ರ ಸೆಪ್ಟೆಂಬರ್ 16ರಂದು, ನ್ಯೂಯಾರ್ಕ್‌ನಲ್ಲಿ. ಮೂರು ವರ್ಷದವನಿದ್ದಾಗ ರೆಟಿನೊಬ್ಲಾಸ್ಟೊಮಾ ಅನ್ನೋ ಕಣ್ಣಿನ ಕ್ಯಾನ್ಸರ್ ಬಂತು. ಕಣ್ಣನ್ನೇ ತೆಗೆಯಬೇಕಾಯಿತು.

ಈ ಕಾಯಿಲೆಯನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಅಕ್ಕನ ಮಗನ ಎರಡನೇ ಹುಟ್ಟುಹಬ್ಬದ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತಿತ್ತು, ರಾತ್ರಿ ಹೊತ್ತು ಬೆಕ್ಕಿನ ಕಣ್ಣು ಹೊಳೆಯುತ್ತಲ್ಲ ಹಾಗೆ. ಮೊದಲು ತೋರಿಸಿದ ಕಡೆ "ಫ್ಲ್ಯಾಶ್‌ನಿಂದ ಹಾಗೆ ಬಂದಿದೆ, ಸುಮ್ನೆ ಹೆದರಬೇಡಿ" ಅಂದು ಕಳಿಸಿದರು. ಮೂರು ತಿಂಗಳು ಹಾಗೇ ಹೋಯಿತು. ಕೊನೆಗೆ ಕಣ್ಣು ಉಳಿಯಲಿಲ್ಲ, ಹುಡುಗ ಉಳಿದ. ಈಗ ಅವನಿಗೆ ಒಂಬತ್ತು. ಕೃತಕ ಕಣ್ಣನ್ನು ತಾನೇ ತೊಳೆದು ಹಾಕಿಕೊಳ್ಳುತ್ತಾನೆ. ಫಾಲ್ಕ್‌ನ ಬೇಸ್‌ಬಾಲ್ ಕಥೆ ಹೇಳಿದ ದಿನ ಹೊಟ್ಟೆ ಹಿಡಿದುಕೊಂಡು ನಕ್ಕ.

(ಮಕ್ಕಳ ಫೋಟೋದಲ್ಲಿ ಹೀಗೆ ಬಿಳಿ ಹೊಳಪು ಕಂಡರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ವಿಷಯ ಬೇರೆ ಕಡೆ ಹೋಯಿತು, ಆದ್ರೂ ಹೇಳಬೇಕು ಅನ್ನಿಸಿತು.)

ಗಿರಗಿಟ್ಲೆ

ಅದೇನು ಬೇಸ್‌ಬಾಲ್ ಕಥೆ?

ಬೆಳಕಿಂಡಿ

ಅವನೇ ಸಂದರ್ಶನದಲ್ಲಿ ಹೇಳಿಕೊಂಡದ್ದು. ಶಾಲೆಯಲ್ಲಿದ್ದಾಗ ಒಂದು ಪಂದ್ಯ. ಇವನು ಓಡಿ ಮೂರನೇ ಬೇಸ್ ಮುಟ್ಟಿದ. ಅಂಪೈರ್ ಔಟ್ ಕೊಟ್ಟ. ನಮ್ಮ ರನ್‌ಔಟ್ ಇದ್ದ ಹಾಗೆ ಅಂದುಕೊಳ್ಳಿ. ತಾನು ಔಟಲ್ಲ ಅಂತ ಇವನಿಗೆ ಖಾತ್ರಿ. ಸೀದಾ ಗಾಜಿನ ಕಣ್ಣು ಕಿತ್ತು ಅಂಪೈರ್ ಕೈಗೆ ಕೊಟ್ಟು, ಇದನ್ನು ಹಾಕ್ಕೊಂಡು ನೋಡಿ ಅಂದನಂತೆ.

ದೊಡ್ಡವನಾದ ಮೇಲೂ ಕಣ್ಣಿನ ವಿಷಯ ಅವನ ಬೆನ್ನು ಬಿಡಲಿಲ್ಲ. ಕೊಲಂಬಿಯಾ ಪಿಕ್ಚರ್ಸ್ ಅನ್ನೋ ಸಿನಿಮಾ ಸ್ಟುಡಿಯೋಗೆ ನಟನೆಯ ಪರೀಕ್ಷೆಗೆ ಹೋದಾಗ ಅಲ್ಲಿನ ಯಜಮಾನ ಹ್ಯಾರಿ ಕೋನ್, ಇದೇ ದುಡ್ಡಿಗೆ ನನಗೆ ಎರಡು ಕಣ್ಣಿರೋ ನಟನೇ ಸಿಗ್ತಾನೆ ಅಂತ ಹೇಳಿ ಕಳಿಸಿದ.

ರಂಗದ ಹುಚ್ಚು

ಸರ್, ಮೇಡಂ, ಈ ಮನುಷ್ಯನ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಅದಕ್ಕೆ ಕಾರಣ ಕೊಲಂಬೊ ಅಲ್ಲ. ಇವನೂ ನಮ್ಮ ಹಾಗೆ ಸರ್ಕಾರಿ ನೌಕರ! ನಾನು ಖಜಾನೆಯಲ್ಲಿ 28 ವರ್ಷ ಬಿಲ್ಲು ಪಾಸು ಮಾಡಿದವನು. ಐದೂವರೆಗೆ ಆಫೀಸು ಬಿಟ್ಟರೆ ಆರೂಕಾಲಿಗೆ ನಾಟಕದ ತಾಲೀಮು. ಮನೆಯಲ್ಲಿ ಬೈಗುಳ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಡಕೊಳ್ಳಿ.

ಫಾಲ್ಕ್ ಬೆಳೆದದ್ದು ಆಸಿನಿಂಗ್ ಅನ್ನೋ ಊರಲ್ಲಿ. ಸಿಂಗ್ ಸಿಂಗ್ ಜೈಲು ಇರೋದು ಅಲ್ಲೇ. ಅಪ್ಪನದು ಬಟ್ಟೆ ಅಂಗಡಿ. 1945ರಲ್ಲಿ ಹೈಸ್ಕೂಲು ಮುಗಿಯಿತು. ಒಂದು ಕಣ್ಣಿಲ್ಲ ಅಂತ ಸೈನ್ಯದವರು ತಗೊಳ್ಳಲಿಲ್ಲ. ಸರಿ ಅಂತ ಸರಕು ಹಡಗಿನ ಅಡುಗೆಮನೆ ಸೇರಿದ. ಹಡಗಿನಲ್ಲಿ ಕಣ್ಣು ಕಾಣಬೇಕಾದ್ದು ಕ್ಯಾಪ್ಟನ್ ಒಬ್ಬನಿಗೆ, ಟೈಟಾನಿಕ್‌ನಲ್ಲಿ ಅವನಿಗೂ ಸರಿಯಾಗಿ ಕಾಣಲಿಲ್ಲ ಅಂತ ಆಮೇಲೆ ತಮಾಷೆ ಮಾಡುತ್ತಿದ್ದ.

ಆಮೇಲೆ ಓದು. ಕಾಲೇಜು ಬಿಡೋದು, ಇನ್ನೊಂದು ಸೇರೋದು, ಹೀಗೇ ನಡೆದು 1953ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತದಲ್ಲಿ ಎಂ.ಎ. ಮಟ್ಟದ ಡಿಗ್ರಿ. ಸಿಐಎಗೆ ಅರ್ಜಿ ಹಾಕಿದ. ತಿರಸ್ಕಾರ ಆಯಿತು. ಯಾಕೆ ಗೊತ್ತಾ? ಹಡಗಿನಲ್ಲಿದ್ದಾಗ ಅಡುಗೆಯವರ ಸಂಘದ ಸದಸ್ಯನಾಗಿದ್ದ. ಆ ಸಂಘದ ಮೇಲೆ ಕಮ್ಯುನಿಸ್ಟರು ಅಂತ ಅನುಮಾನ. ಬೇಹುಗಾರ ಆಗಬೇಕಿದ್ದವನಿಗೆ ಹಡಗಿನ ಸಾರು ಅಡ್ಡ ಬಂತು.

ಕೊನೆಗೆ ಕನೆಕ್ಟಿಕಟ್ ರಾಜ್ಯದ ಬಜೆಟ್ ಕಚೇರಿಯಲ್ಲಿ ಕೆಲಸ, ಹಾರ್ಟ್‌ಫರ್ಡ್‌ನಲ್ಲಿ. ಕೆಲಸ ಏನಪ್ಪಾ ಅಂದರೆ, ಸರ್ಕಾರದ ಕೆಲಸಗಳನ್ನು ಚುರುಕಾಗಿ ಮಾಡೋದು ಹೇಗೆ ಅಂತ ಹೇಳಿಕೊಡೋದು. ಮೊದಲ ದಿನ ಆಫೀಸು ಎಲ್ಲಿದೆ ಅಂತಲೇ ಇವನಿಗೆ ಗೊತ್ತಾಗಲಿಲ್ಲ. ಪೋಸ್ಟಾಫೀಸಿಗೆ ಹೋಗಿ ಕೆಲಸಕ್ಕೆ ಹಾಜರಾದ. ನಮ್ಮ ಇಲಾಖೆಯಲ್ಲಾಗಿದ್ದರೆ ಅಂದೇ ಒಂದು ಮೆಮೊ ಬರುತ್ತಿತ್ತು.

ಸಂಜೆ ಹೊತ್ತು ಅಲ್ಲಿನ ಹವ್ಯಾಸಿ ತಂಡದಲ್ಲಿ ನಾಟಕ. ತಂಡದ ಹೆಸರು ಮಾರ್ಕ್ ಟ್ವೇನ್ ಮಾಸ್ಕರ್ಸ್. ಅಷ್ಟಕ್ಕೇ ಸಮಾಧಾನ ಆಗದೆ ವೆಸ್ಟ್‌ಪೋರ್ಟ್‌ನಲ್ಲಿ ಇವಾ ಲೆ ಗಾಲಿಯೆನ್ ಅನ್ನೋ ದೊಡ್ಡ ರಂಗನಟಿ ಹೇಳಿಕೊಡುತ್ತಿದ್ದ ತರಗತಿಗೆ ಸೇರಿದ. ಅದು ವೃತ್ತಿನಟರಿಗೆ ಮಾತ್ರ. ಸುಳ್ಳು ಹೇಳಿಕೊಂಡು ಒಳಗೆ ನುಗ್ಗಿದ್ದ. ದಿನಾ ತಡ. ಯಾಕಪ್ಪಾ ತಡ ಅಂತ ಅವರು ಕೇಳಿದರು. ಹಾರ್ಟ್‌ಫರ್ಡ್‌ನಿಂದ ಬರಬೇಕಲ್ಲ ಮೇಡಂ ಅಂದ. ಹಾರ್ಟ್‌ಫರ್ಡ್‌ನಲ್ಲಿ ಯಾವ ನಾಟಕ ಕಂಪನಿ ಇದೆ, ಅಲ್ಲೇನು ಮಾಡ್ತೀಯ? ಸಿಕ್ಕಿಬಿದ್ದ. ನಾನು ನಟ ಅಲ್ಲ ಅಂತ ಒಪ್ಪಿಕೊಂಡ. ಆಕೆ ಇವನನ್ನು ನೋಡಿ, ಹಾಗಾದ್ರೆ ನೀನು ಆಗಲೇಬೇಕು ಅಂದರು.

1956ರಲ್ಲಿ ಕೆಲಸಕ್ಕೆ ರಾಜೀನಾಮೆ. ಪಿಂಚಣಿ, ಗ್ರಾಚ್ಯುಟಿ ಎಲ್ಲಾ ಬಿಟ್ಟು. ನನ್ನಿಂದ ಆಗಲಿಲ್ಲ ಬಿಡಿ.

ಕನೆಕ್ಟಿಕಟ್ ಕನ್ನಡತಿ

ಹುಚ್ಚು ಅಣ್ಣಾ (ಹೀಗೆ ಕರೆಯೋಕೆ ಒಂಥರಾ ಆಗುತ್ತೆ, ಹೆಸರು ಬದಲಾಯಿಸಿ), ನಾನು ಇರೋದು ಹಾರ್ಟ್‌ಫರ್ಡ್ ಪಕ್ಕದಲ್ಲೇ. ಇಲ್ಲಿಂದ ವೆಸ್ಟ್‌ಪೋರ್ಟ್‌ಗೆ ಸುಮಾರು 90 ಕಿಲೋಮೀಟರ್. ಈಗಲೂ ಸಂಜೆ ಹೊತ್ತು ಹೊರಟರೆ ಒಂದೂವರೆ ಗಂಟೆ ಆರಾಮಾಗಿ ಹಿಡಿಯುತ್ತೆ. ಆಫೀಸು ಮುಗಿಸಿಕೊಂಡು ಅಷ್ಟು ದೂರ ಪಾಠಕ್ಕೆ ಹೋಗೋದು ಅಂದರೆ ತಮಾಷೆ ಅಲ್ಲ. ತಡ ಆಗದೆ ಇನ್ನೇನು?

ಗಿರಗಿಟ್ಲೆ

ಕೊಲಂಬೊ ಪಾತ್ರವನ್ನು ಫಾಲ್ಕ್‌ಗಾಗಿಯೇ ಬರೆದರು ಅಂತ ಎಲ್ಲೋ ಓದಿದ ನೆನಪು. ಹೌದಾ?

ರೀಲು ನಂಬರ್ ಏಳು

ಇಲ್ಲ. ರಿಚರ್ಡ್ ಲೆವಿನ್ಸನ್, ವಿಲಿಯಂ ಲಿಂಕ್ ಅನ್ನೋ ಇಬ್ಬರು ಗೆಳೆಯರು ಸೃಷ್ಟಿಸಿದ ಪಾತ್ರ ಅದು. ದಾಸ್ತೋವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ಪೊರ್ಫಿರಿ ಅಂತ ಒಬ್ಬ ತನಿಖಾಧಿಕಾರಿ ಬರುತ್ತಾನಲ್ಲ, ಕೊಲೆಗಾರನ ಜೊತೆ ಹರಟುತ್ತಲೇ ಬಲೆ ಬಿಗಿಯುವವನು, ಅವನ ನೆರಳು ಇದೆ. 1960ರಲ್ಲಿ ಟಿವಿಯಲ್ಲಿ ಬರ್ಟ್ ಫ್ರೀಡ್ ಅನ್ನೋ ನಟ ಮಾಡಿದ್ದ. 1962ರಲ್ಲಿ ಅದು ರಂಗನಾಟಕ ಆಯಿತು, ಆಗ ಮಾಡಿದ್ದು ಥಾಮಸ್ ಮಿಚೆಲ್. 1968ರಲ್ಲಿ ಟಿವಿ ಸಿನಿಮಾ ಮಾಡುವಾಗ ಬಿಂಗ್ ಕ್ರಾಸ್ಬಿಯನ್ನು ಕೇಳಿದರು. ಒಪ್ಪಲಿಲ್ಲ. ಆಮೇಲೆ ಫಾಲ್ಕ್. ಆಗ ಅವನಿಗೆ ನಲವತ್ತು. ಬರೆದವರ ತಲೆಯಲ್ಲಿದ್ದದ್ದು ವಯಸ್ಸಾದ ಪೊಲೀಸು.

ಪಾತ್ರ ಬೇರೆಯವರದ್ದು, ಬಟ್ಟೆ ಮಾತ್ರ ಇವನದ್ದೇ! ಆ ಮಳೆಕೋಟು ನ್ಯೂಯಾರ್ಕ್‌ನಲ್ಲಿ ಒಂದಿನ ಮಳೆಗೆ ಸಿಕ್ಕಿಕೊಂಡಾಗ ತಾನೇ ಕೊಂಡದ್ದು. ಬೂಟೂ ಅವನದ್ದೇ. ಕಾರು ಯೂನಿವರ್ಸಲ್ ಸ್ಟುಡಿಯೋದ ಗ್ಯಾರೇಜಿನಲ್ಲಿ ಧೂಳು ಹಿಡಿದು ನಿಂತಿದ್ದ ಪೂಜೋ 403. ಸಾಲುಸಾಲು ಕಾರುಗಳಲ್ಲಿ ಅದನ್ನೇ ಇವನು ಆರಿಸಿದ.

ಕಟಕಟೆ

ಅದೇ ನಾನು ಹೇಳಿದ್ದು. ತನ್ನ ಕೋಟು, ತನ್ನ ಬೂಟು, ತನ್ನ ಗೊಣಗಾಟ. ಇದರಲ್ಲಿ ನಟನೆ ಎಲ್ಲಿಂದ ಬಂತು?

ಹಳೇ ಪೆಟ್ಟಿಗೆ

ಕಟಕಟೆ ಸರ್, ನೀವು 'ಎ ಸ್ಟಿಚ್ ಇನ್ ಕ್ರೈಮ್' ಕಂತು ನೋಡಿಲ್ಲ ಅನ್ಸುತ್ತೆ. 1973ರದ್ದು. ಹೃದಯದ ಸರ್ಜನ್ ಆಗಿ ಲಿಯೊನಾರ್ಡ್ ನಿಮೋಯ್ ಇದ್ದಾನೆ. ಕರಗಿ ಹೋಗೋ ದಾರದಲ್ಲಿ ಹೊಲಿಗೆ ಹಾಕಿ, ತನ್ನ ಹಿರಿಯ ಡಾಕ್ಟರೇ ನಾಲ್ಕು ದಿನ ಬಿಟ್ಟು ಸಾಯೋ ಹಾಗೆ ಮಾಡೋ ಖದೀಮ. ಕೊಲಂಬೊ ಅವನ ಕೋಣೆಯಲ್ಲಿ ಕೂತಿರುತ್ತಾನೆ. ಡಾಕ್ಟರು ನಗುತ್ತಾನೆ. ಕೊಲಂಬೊನೂ ಜೊತೆಗೆ ನಗೋಕೆ ಶುರು ಮಾಡುತ್ತಾನೆ. ಇದ್ದಕ್ಕಿದ್ದ ಹಾಗೆ ನೀರಿನ ಹೂಜಿ ಎತ್ತಿ ಮೇಜಿಗೆ ಕುಕ್ಕುತ್ತಾನೆ. ಢಣ್!

ಅಮ್ಮ ಬೆಚ್ಚಿಬಿದ್ದು ಕೈಯಲ್ಲಿದ್ದ ಅವರೆಕಾಳು ಚೆಲ್ಲಿದಳು. ಅಷ್ಟು ಹೊತ್ತು ನಾವು ನೋಡಿದ ಪೆದ್ದು ಮುಖ ಎಲ್ಲಿ ಹೋಯಿತು ಅಂತ. ಆ ಒಂದು ಕ್ಷಣದಲ್ಲಿ ಗೊತ್ತಾಗುತ್ತೆ, ಉಳಿದದ್ದೆಲ್ಲ ಹಾಕಿಕೊಂಡ ವೇಷ ಅಂತ.

ಕಾಫಿ ತೋಟ

ನನ್ನ ಓಟು 'ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್'ಗೆ. ಡೊನಾಲ್ಡ್ ಪ್ಲೆಸೆನ್ಸ್ ವೈನ್ ಮಾಡೋ ಮನುಷ್ಯ. ವೈನೇ ಅವನ ಪ್ರಾಣ. ಮಲತಮ್ಮ ತೋಟ ಮಾರ್ತೀನಿ ಅಂದಾಗ ಸಿಟ್ಟಲ್ಲಿ ಹೊಡೆದುಬಿಡುತ್ತಾನೆ. ಕೊಲಂಬೊ ಕೇಸಿಗೋಸ್ಕರ ವೈನ್ ಬಗ್ಗೆ ಪಾಠ ಕಲೀತಾನೆ. ಕೊನೆಗೆ ಅವನನ್ನು ಹಿಡಿದು ತನ್ನ ಡಕೋಟ ಕಾರಲ್ಲಿ ಕೂರಿಸಿಕೊಂಡು, ವೈನರಿ ಮುಂದೆ ನಿಲ್ಲಿಸಿ, ಒಂದು ಬಾಟಲಿ ತೆಗೆಯುತ್ತಾನೆ. ಊಟದ ಕೊನೆಗೆ ಕುಡಿಯೋ ಸಿಹಿ ವೈನ್. ಅಪರಾಧಿ ಬಾಟಲಿ ಮೇಲಿನ ಹೆಸರು ನೋಡಿ, ಚೆನ್ನಾಗಿ ಕಲಿತಿದ್ದೀರಿ ಅಂತ ಮೆಚ್ಚುತ್ತಾನೆ. ಇಬ್ಬರೂ ಕುಡೀತಾರೆ. ಅಷ್ಟೇ.

ನಮ್ಮಪ್ಪ ಕಾಫಿ ರುಚಿ ನೋಡಿ ಯಾವ ಬ್ಲಾಕಿನದು ಅಂತ ಹೇಳುತ್ತಿದ್ದರು. ತೋಟ ಮಾರೋ ಮಾತು ಬಂದಾಗ ಮನೆಯಲ್ಲಿ ಏನಾಯ್ತು ಅಂತ ನನಗೆ ಗೊತ್ತು (ಕೊಲೆ ಆಗಿಲ್ಲ!). ಆ ಕಂತು ನೋಡಿ ಆ ರಾತ್ರಿ ನಿದ್ದೆ ಬರಲಿಲ್ಲ.

ರೀಲು ನಂಬರ್ ಏಳು

ಪೆಟ್ಟಿಗೆ ಮೇಡಂ, ಈಗ ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಟಿವಿ ಪಾತ್ರ ನಟನನ್ನು ನುಂಗಿತು ಅಂದಿರಿ. ನನ್ನ ಪ್ರಕಾರ ನಡೆದದ್ದು ಉಲ್ಟಾ. ಟಿವಿ ದುಡಿಯಿತು, ಸಿನಿಮಾ ಉಂಡಿತು.

ಮೊದಲು ಆಸ್ಕರ್ ಲೆಕ್ಕ ಮುಗಿಸಿಬಿಡೋಣ. 1960ರ 'ಮರ್ಡರ್, ಇಂಕ್.'ನಲ್ಲಿ ಏಬ್ ರೆಲ್ಸ್ ಅನ್ನೋ ನಿಜವಾದ ಕೊಲೆಗಾರನ ಪಾತ್ರ. ಮರುವರ್ಷ ಫ್ರಾಂಕ್ ಕಾಪ್ರಾ ನಿರ್ದೇಶನದ 'ಪಾಕೆಟ್‌ಫುಲ್ ಆಫ್ ಮಿರಾಕಲ್ಸ್'ನಲ್ಲಿ ನಗಿಸೋ ಪಾತ್ರ. ಎರಡಕ್ಕೂ ಪೋಷಕ ನಟ ವಿಭಾಗದಲ್ಲಿ ನಾಮನಿರ್ದೇಶನ, ಎರಡೂ ಸಲ ಬರಲಿಲ್ಲ. ಟಿವಿಗೆ ಕೊಡೋ ಎಮ್ಮಿ ಪ್ರಶಸ್ತಿ ಐದು ಬಂದವು. ಒಂದು 1962ರಲ್ಲಿ ಲಾರಿ ಡ್ರೈವರ್ ಪಾತ್ರಕ್ಕೆ, ನಾಲ್ಕು ಕೊಲಂಬೊಗೆ.

ಈಗ ಜಾನ್ ಕ್ಯಾಸವೆಟೀಸ್ ವಿಷಯ. ನಟ, ನಿರ್ದೇಶಕ, ಮಹಾ ಹಟಮಾರಿ. ಸ್ಟುಡಿಯೋದವರ ಹಂಗು ಬೇಡ ಅಂತ ಸ್ವಂತ ದುಡ್ಡಲ್ಲಿ ಸಿನಿಮಾ ಮಾಡುತ್ತಿದ್ದ. 1970ರಲ್ಲಿ 'ಹಸ್ಬೆಂಡ್ಸ್' ಬಂತು. ಕ್ಯಾಸವೆಟೀಸ್, ಬೆನ್ ಗಜಾರಾ, ಫಾಲ್ಕ್, ಮೂವರೂ ಅದರಲ್ಲಿದ್ದಾರೆ. ಆಮೇಲೆ ಹೆಂಡತಿ ಜೀನಾ ರೋಲೆಂಡ್ಸ್‌ಗಾಗಿ ಒಂದು ನಾಟಕ ಬರೆದ. ಇದನ್ನು ದಿನಾ ರಾತ್ರಿ ರಂಗದ ಮೇಲೆ ಮಾಡಿದ್ರೆ ನಾನು ಸತ್ತೇ ಹೋಗ್ತೀನಿ ಅಂತ ಆಕೆ ಅಂದಳು. ಸರಿ, ಸಿನಿಮಾ ಮಾಡೋಣ ಅಂತ ಹೊರಟರೆ ಒಬ್ಬನೂ ದುಡ್ಡು ಹಾಕಲಿಲ್ಲ. ತಲೆಕೆಟ್ಟ ನಡುವಯಸ್ಸಿನ ಹೆಂಗಸಿನ ಕಥೆ ಯಾರಿಗೆ ಬೇಕು ಅಂದರು.

ಕ್ಯಾಸವೆಟೀಸ್ ಮನೆ ಅಡ ಇಟ್ಟ. ಫಾಲ್ಕ್ ತನ್ನ ಕೈಯಿಂದ 5 ಲಕ್ಷ ಡಾಲರ್ ಹಾಕಿದ. ಎಪ್ಪತ್ತರ ದಶಕದ 5 ಲಕ್ಷ ಡಾಲರ್! ಕೊಲಂಬೊ ಧಾರಾವಾಹಿ ಶುರುವಾದದ್ದು 1971ರಲ್ಲಿ, ಈ ಸಿನಿಮಾ ಹೊರಗೆ ಬಂದದ್ದು 1974ರಲ್ಲಿ. ಲೆಕ್ಕ ನೀವೇ ಹಾಕಿ. ಬಾಡಿಗೆ ಸ್ಟುಡಿಯೋ ಇಲ್ಲ, ಒಂದು ನಿಜವಾದ ಮನೆಯೊಳಗೆ ಶೂಟಿಂಗ್. ಕೆಲಸಕ್ಕೆ ಫಿಲ್ಮ್ ಶಾಲೆಯ ಹುಡುಗರು. ಇಬ್ಬರ ಅಮ್ಮಂದಿರೂ, ಅಂದರೆ ಕ್ಯಾಸವೆಟೀಸ್ ಅಮ್ಮ, ಜೀನಾ ಅಮ್ಮ, ಅದರಲ್ಲಿ ಪಾತ್ರ ಮಾಡಿದ್ದಾರೆ. ಸಿನಿಮಾ ಮುಗಿದ ಮೇಲೆ ಹಂಚಿಕೆದಾರರು ಸಿಗಲಿಲ್ಲ. ಕ್ಯಾಸವೆಟೀಸ್ ತಾನೇ ಒಂದೊಂದು ಥಿಯೇಟರಿಗೂ ಫೋನ್ ಮಾಡಿ ಬಿಡುಗಡೆ ಮಾಡಿದ. ಕೊನೆಗೆ ಜೀನಾಗೆ ನಟಿ, ಕ್ಯಾಸವೆಟೀಸ್‌ಗೆ ನಿರ್ದೇಶಕ ಅಂತ ಆಸ್ಕರ್ ನಾಮನಿರ್ದೇಶನ ಬಂತು.

'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್' ಅಂತ ಅದರ ಹೆಸರು. ಫಾಲ್ಕ್ ಅದರಲ್ಲಿ ರಸ್ತೆ ಅಗೆಯೋ ಗ್ಯಾಂಗಿನ ಮೇಸ್ತ್ರಿ. ಕಟಕಟೆ ಅವರೇ, ಅದನ್ನು ನೋಡಿ ಬಂದು ಆಮೇಲೆ ಗೊಣಗಾಟದ ಬಗ್ಗೆ ಮಾತಾಡಿ.

ಕಟಕಟೆ

ನೋಡಿಲ್ಲ. ಒಪ್ಪಿಕೊಂಡೆ.

ಕನೆಕ್ಟಿಕಟ್ ಕನ್ನಡತಿ

ನಮ್ಮ ಮನೆಯಲ್ಲಿ ಫಾಲ್ಕ್ ಅಂದರೆ ಕೊಲಂಬೊ ಅಲ್ಲವೇ ಅಲ್ಲ, ಅಜ್ಜ. 1987ರ 'ದಿ ಪ್ರಿನ್ಸೆಸ್ ಬ್ರೈಡ್'ನಲ್ಲಿ ಜ್ವರ ಬಂದು ಮಲಗಿದ ಮೊಮ್ಮಗನಿಗೆ ಕಥೆ ಓದಿ ಹೇಳೋ ಅಜ್ಜ. ನನ್ನ ಮಕ್ಕಳಿಗೆ ಜ್ವರ ಬಂದರೆ ಅದೇ ಸಿನಿಮಾ ಹಾಕಬೇಕು. ಅವರಿಗೆ ಕೊಲಂಬೊ ತೋರಿಸಿದರೆ "ಅಜ್ಜ ಯಾಕೆ ಪೊಲೀಸ್ ಆದ?" ಅಂತ ಕೇಳಿದರು.

ಗಿರಗಿಟ್ಲೆ

ಬುಡಾಪೆಸ್ಟ್‌ಗೆ ಕೆಲಸದ ಮೇಲೆ ಹೋದಾಗ ರಸ್ತೆ ಪಕ್ಕ ಕೊಲಂಬೊ ಕಂಚಿನ ಪ್ರತಿಮೆ ಕಂಡೆ. ತಲೆ ಕೆರೆಯುತ್ತಾ ನಿಂತಿದ್ದಾನೆ, ಕೆಳಗೆ ಅವನ ಜೋಲುಕಿವಿ ನಾಯಿ. ಹಂಗೇರಿಯಲ್ಲಿ ಯಾಕಪ್ಪಾ ಅಂದರೆ, ಆ ರಸ್ತೆ ಹೆಸರು ಫಾಲ್ಕ್ ಮಿಕ್ಷಾ ರಸ್ತೆ. ಹತ್ತೊಂಬತ್ತನೇ ಶತಮಾನದ ಹಂಗೇರಿಯ ಒಬ್ಬ ರಾಜಕಾರಣಿ ಅವನು. ಪೀಟರ್ ನಮ್ಮೋನೇ ಇರಬಹುದು ಅಂತ ಊರವರ ಆಸೆ. ಸಂಬಂಧ ಇದೆ ಅಂತ ಸಾಬೀತೇನೂ ಆಗಿಲ್ಲ. ಆದ್ರೂ 2014ರಲ್ಲಿ ನಿಲ್ಲಿಸಿಬಿಟ್ಟರು. ನಾಯಿ ತಲೆ ನಾನೂ ಸವರಿ ಬಂದೆ.

ರಂಗದ ಹುಚ್ಚು

ನಮ್ಮಲ್ಲಿ ಪ್ರತಿಮೆ ನಿಲ್ಲಿಸೋಕೆ ಇಷ್ಟು ಸಾಕ್ಷಿಯೂ ಬೇಕಾಗಲ್ಲ ಬಿಡಿ.

ರೀಲು ನಂಬರ್ ಏಳು

ಯೂರೋಪಿನ ಮಾತು ಬಂತು. ಜರ್ಮನ್ ನಿರ್ದೇಶಕ ವಿಮ್ ವೆಂಡರ್ಸ್‌ನ 'ವಿಂಗ್ಸ್ ಆಫ್ ಡಿಸೈರ್' ಸಿನಿಮಾ ಕೂಡ 1987ರದ್ದೇ. ಬರ್ಲಿನ್ ಗೋಡೆ ಇನ್ನೂ ಬಿದ್ದಿರಲಿಲ್ಲ, ಪಶ್ಚಿಮ ಬರ್ಲಿನ್‌ನಲ್ಲಿ ತೆಗೆದದ್ದು. ದೇವದೂತರು ಊರ ತುಂಬ ಓಡಾಡುತ್ತಿರುತ್ತಾರೆ, ಜನರಿಗೆ ಕಾಣಿಸಲ್ಲ. ಫಾಲ್ಕ್ ಅದರಲ್ಲಿ ಫಾಲ್ಕ್ ಆಗಿಯೇ ಇದ್ದಾನೆ, ಶೂಟಿಂಗಿಗೆ ಬಂದ ನಟ. ದಾರಿಯಲ್ಲಿ ಪಡ್ಡೆ ಹುಡುಗರು ನೋಡಿ, ಇವನು ಕೊಲಂಬೊ ಅಲ್ವಾ ಅಂತಾರೆ. ಛೆ, ಇಷ್ಟು ಹರಕಲು ಕೋಟು ಹಾಕ್ಕೊಂಡು ಓಡಾಡ್ತಾನಾ ಅಂತ ತಾವೇ ತಳ್ಳಿಹಾಕುತ್ತಾರೆ.

ಚಳಿ ರಾತ್ರಿಯಲ್ಲಿ ಒಂದು ಕಾಫಿ ಗಾಡಿ ಹತ್ತಿರ ನಿಂತಿರುತ್ತಾನೆ. ಪಕ್ಕದಲ್ಲಿ ದೇವದೂತ. ನೀನು ನನಗೆ ಕಾಣಿಸ್ತಿಲ್ಲ, ಆದರೆ ಇಲ್ಲೇ ಇದ್ದೀಯ ಅಂತ ಗೊತ್ತು ಅನ್ನುತ್ತಾನೆ. ಬಿಸಿ ಕಾಫಿ ಕುಡಿಯೋದು, ಸಿಗರೇಟು ಸೇದೋದು, ಕೈ ತಣ್ಣಗಾದರೆ ಒಂದಕ್ಕೊಂದು ಉಜ್ಜೋದು, ಇದೆಲ್ಲ ಎಷ್ಟು ಚೆಂದ ಗೊತ್ತಾ ಅಂತ ಹೇಳಿ ಕೈ ಚಾಚುತ್ತಾನೆ. ಎದುರಿಗೆ ಯಾರೂ ಇಲ್ಲ, ಖಾಲಿ ಗಾಳಿ. ಅವನು ಅಂಗೈ ಉಜ್ಜೋ ರೀತಿ ನೋಡಿದರೆ ನಮಗೂ ಚಳಿಯಾಗುತ್ತೆ.

ಅದೇ ಸಿನಿಮಾದಲ್ಲಿ ಬಿಡುವಿನಲ್ಲಿ ಕೂತು ಸ್ಕೆಚ್ ಮಾಡುತ್ತಿರುತ್ತಾನೆ. ಅದು ಸುಮ್ನೆ ಪಾತ್ರಕ್ಕೆ ಅಂತ ಸೇರಿಸಿದ್ದಲ್ಲ, ನಿಜಕ್ಕೂ ಚಿತ್ರ ಬರೆಯುತ್ತಿದ್ದ. ಇದ್ದಿಲಿನಲ್ಲಿ ಮನುಷ್ಯರ ಚಿತ್ರ.

ಬೆಳಕಿಂಡಿ

ಒಂದು ಕಣ್ಣಲ್ಲಿ ಚಿತ್ರ ಬರೆಯುತ್ತಿದ್ದ ಅಂತ ಸೋದರಳಿಯನಿಗೆ ಹೇಳಬೇಕು. ಅವನಿಗೆ ಕ್ಯಾರಂ ಆಡುವಾಗ ಕಾಯಿ ಎಷ್ಟು ದೂರ ಇದೆ ಅನ್ನೋದು ಒಮ್ಮೊಮ್ಮೆ ತಪ್ಪುತ್ತೆ. ಆದ್ರೂ ನನ್ನನ್ನು ಸೋಲಿಸುತ್ತಾನೆ.

ಕಾಫಿ ತೋಟ

ಕೊನೆಗಾಲ ಮಾತ್ರ ಚೆನ್ನಾಗಿರಲಿಲ್ಲ. ಮರೆವಿನ ಕಾಯಿಲೆ ಬಂತು. ಕೊಲಂಬೊ ಅನ್ನೋ ಪಾತ್ರ ತಾನು ಮಾಡಿದ್ದೂ ನೆನಪಿರಲಿಲ್ಲ ಅಂತಾರೆ. 2011ರ ಜೂನ್ 23ರಂದು ತೀರಿಕೊಂಡ. ಆಗ 83 ವರ್ಷ. ಅಪ್ಪನನ್ನು ನೋಡೋಕೆ ಬಿಡಲಿಲ್ಲ ಅಂತ ಮಗಳು ಕೋರ್ಟಿಗೆ ಹೋಗಿದ್ದಳು. ಕಾಯಿಲೆ ಬಿದ್ದವರನ್ನು ಮಕ್ಕಳು ನೋಡೋದಕ್ಕೆ ಅಂತ ಆಮೇಲೆ ಅಲ್ಲಿನ ಕೆಲವು ರಾಜ್ಯಗಳಲ್ಲಿ ಕಾನೂನು ಆಯಿತು, ಅದಕ್ಕೆ ಪೀಟರ್ ಫಾಲ್ಕ್ ಕಾನೂನು ಅಂತಲೇ ಹೆಸರು.

ಹಳೇ ಪೆಟ್ಟಿಗೆ

ನಾಲ್ಕು ದಿನ ಬಿಟ್ಟು ಬರುತ್ತಿದ್ದೇನೆ. ಏಳು ಸರ್ ಹೇಳಿದ 'ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್' ಸಿನಿಮಾ ನಿನ್ನೆ ನೋಡಿದೆವು, ಅಮ್ಮನೂ ನಾನೂ.

ರಾತ್ರಿ ಪಾಳಿ ಮುಗಿಸಿದ ಹತ್ತಾರು ಕೂಲಿಯವರನ್ನು ಗಂಡ ಬೆಳಗ್ಗೆಯೇ ಮನೆಗೆ ಕರ್ಕೊಂಡು ಬರುತ್ತಾನೆ. ಹೆಂಡತಿ ಎಲ್ಲರಿಗೂ ಸ್ಪಗೆಟಿ ಬೇಯಿಸಿ ಹಾಕುತ್ತಾಳೆ. ನಗು, ಹಾಡು. ಆಕೆ ಸ್ವಲ್ಪ ಅತಿ ಮಾಡುತ್ತಾಳೆ. ಒಬ್ಬನನ್ನು ಕುಣಿಯೋಕೆ ಕರೆಯುತ್ತಾಳೆ. ಗಂಡ ಒಂದೇ ಸಲ ಗದರುತ್ತಾನೆ. ಮೇಜಿನ ಸುತ್ತ ಎಲ್ಲರೂ ತಟ್ಟೆ ನೋಡಿಕೊಂಡು ಕೂರುತ್ತಾರೆ. ಅಮ್ಮ ಟಿವಿಯಿಂದ ಮುಖ ತಿರುಗಿಸಿ ಕಿಟಕಿ ಕಡೆ ನೋಡಿದಳು. ನಮ್ಮನೆಯಲ್ಲೂ ಅಂಥ ಊಟಗಳು ಆಗಿವೆ.

ಹೆಂಡತಿಯನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮಕ್ಕಳನ್ನು ಸಮುದ್ರಕ್ಕೆ ಕರ್ಕೊಂಡು ಹೋಗಿ, ಬರುವಾಗ ಲಾರಿ ಹಿಂದೆ ಕೂತು ಆ ಮಕ್ಕಳಿಗೂ ಬಿಯರ್ ಕುಡಿಸುತ್ತಾನೆ. ಪ್ರೀತಿ ಇದೆ, ಬುದ್ಧಿ ಇಲ್ಲ. ಬೈಯೋಣ ಅನ್ನಿಸುತ್ತೆ, ಅಷ್ಟರಲ್ಲಿ ಪಾಪ ಅನ್ನಿಸುತ್ತೆ. ಮುಕ್ಕಾಲು ಸಿನಿಮಾ ಆದ ಮೇಲೆ ಅಮ್ಮ ಕೇಳಿದಳು, "ಇವನು ಯಾರೇ? ಎಲ್ಲೋ ನೋಡಿದ ಹಾಗಿದೆ." ದಿನಾ ರಾತ್ರಿ ನೋಡ್ತೀಯಲ್ಲಮ್ಮಾ, ಕೋಟಿನವನು ಅಂದೆ. ನಂಬಲಿಲ್ಲ. ಹಳೇ ಕಂತು ಹಾಕಿ ತೋರಿಸಬೇಕಾಯಿತು.

ಕೊನೆಯಲ್ಲಿ ಎಲ್ಲ ಗಲಾಟೆ ಮುಗಿದು ಗಂಡಹೆಂಡಿರು ಮೇಜು ಖಾಲಿ ಮಾಡುತ್ತಾರೆ, ಹಾಸಿಗೆ ಎಳೆದು ಹಾಸುತ್ತಾರೆ. ಫೋನ್ ಹೊಡಕೊಳ್ಳುತ್ತಲೇ ಇರುತ್ತೆ. ಯಾರೂ ತೆಗೆಯಲ್ಲ. ಯಾರಾದ್ರೂ ಫೋನ್ ತೆಗೀಬಾರ್ದಾ ಅಂದೆ ನಾನು. "ಹಾಸಿಗೆ ಹಾಸ್ತಾ ಇದ್ದಾರಲ್ಲ, ಕಾಣಲ್ವಾ?" ಅಂದಳು ಅಮ್ಮ.

ಕಟಕಟೆ

ಸರಿ, ನಾನೂ ನೋಡ್ತೀನಿ. ಎಷ್ಟು ಹೊತ್ತಿನ ಸಿನಿಮಾ?

ರೀಲು ನಂಬರ್ ಏಳು

ಎರಡೂವರೆ ಗಂಟೆ ಹತ್ತಿರ ಹತ್ತಿರ.

ಕಟಕಟೆ

ಭಾನುವಾರ ನೋಡ್ತೀನಿ.